ಸಾಲ ಮಾಡದವನ ಜಾಮೀನಿಗೆ ಬೆಲೆ ಎಷ್ಟು?

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಕೆಲಸ, ಡೆಡ್‌ಲೈನು, ಚಳಿ... ನೆಪಗಳಿಗೇನು ಬರವೇ? ಆದರೆ ಮೊನ್ನೆ ನಡೆದ ಒಂದು ಸಂಗತಿ ತಲೆಯೊಳಗೆ ಕೂತು ಕೊರೀತಾನೇ ಇದೆ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ.

ನನ್ನ ಚಿಕ್ಕಮ್ಮನ ಮಗಳು ಎಂ.ಎಸ್. ಓದಲು ನ್ಯೂಯಾರ್ಕಿಗೆ ಬಂದಳು. ವೀಸಾ ಸಿಕ್ಕಿದ್ದು ತಡ. ಅಷ್ಟರೊಳಗೆ ಅವಳ ಜೊತೆಯವರೆಲ್ಲ ಮೂರು-ನಾಲ್ಕು ಜನ ಸೇರಿ ಮನೆ ಹಿಡಿದಾಗಿತ್ತು. ಎಲ್ಲ ಕಡೆ ಹುಡುಕಿ ಕೊನೆಗೆ ಕ್ವೀನ್ಸ್‌ನಲ್ಲಿ ಒಂದು ಪುಟ್ಟ ಸ್ಟುಡಿಯೋ ಸಿಕ್ಕಿತು. ಬಾಡಿಗೆ ತಿಂಗಳಿಗೆ 2,000 ಡಾಲರ್. ರಾತ್ರಿ ಫೋನ್ ಮಾಡಿ, "ಅಣ್ಣಾ, ಗ್ಯಾರಂಟರ್ ಬೇಕಂತೆ. ನೀನು ಸೈನ್ ಮಾಡ್ತೀಯಾ?" ಅಂದಳು. ಇದೇನು ದೊಡ್ಡ ವಿಷಯ, ಮಾಡ್ತೀನಿ ಬಿಡು ಅಂದೆ. ಅಣ್ಣ ಅನ್ನಿಸಿಕೊಂಡ ಮೇಲೆ ಅಷ್ಟೂ ಮಾಡದಿದ್ದರೆ ಹೇಗೆ?

ಇಲ್ಲಿನ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ನ್ಯೂಯಾರ್ಕಿನಲ್ಲಿ ಬಾಡಿಗೆಗೆ ಬರುವವರ ವರ್ಷದ ಸಂಬಳ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು ಅಂತ ಕೇಳುತ್ತಾರೆ. ಅಷ್ಟಿಲ್ಲದಿದ್ದರೆ ಗ್ಯಾರಂಟರ್ ಬೇಕು, ಆ ಗ್ಯಾರಂಟರ್‌ನ ಸಂಬಳ 80 ಪಟ್ಟು ಇರಬೇಕು. ಇದು ಕಾನೂನಲ್ಲ, ರೂಢಿ. 2,000ಕ್ಕೆ 80 ಪಟ್ಟು ಅಂದರೆ 1,60,000. ನನ್ನ ಸಂಬಳ ಅದಕ್ಕಿಂತ ಒಂಚೂರು ಮೇಲಿದೆ. ಪೇ ಸ್ಲಿಪ್, ಡಬ್ಲ್ಯೂ-2, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಕಳಿಸಿ ನಿಶ್ಚಿಂತೆಯಾಗಿ ಮಲಗಿದೆ.

ಎರಡು ದಿನ ಬಿಟ್ಟು ಉತ್ತರ ಬಂತು. ಆದಾಯ ಸಾಕು, ಆದರೆ ಕ್ರೆಡಿಟ್ ಹಿಸ್ಟರಿ ತೀರಾ ಕಡಿಮೆ, ಬೇರೆ ಗ್ಯಾರಂಟರ್ ಇದ್ದರೆ ತಿಳಿಸಿ.

ಓದಿ ನಿಜಕ್ಕೂ ಅವಮಾನ ಆಯ್ತು. ಇವತ್ತಿನವರೆಗೆ ಯಾರ ಹತ್ತಿರವೂ ಒಂದು ಪೈಸೆ ಬಾಕಿ ಉಳಿಸಿಕೊಂಡವನಲ್ಲ ನಾನು. ಆಮೇಲೆ ಕೂತು ಯೋಚಿಸಿದಾಗ ಹೊಳೆಯಿತು... ಬಾಕಿ ಉಳಿಸಿಕೊಳ್ಳದ್ದೇ ಸಮಸ್ಯೆ! :-)

ಕಂಪನಿಯವರು ಎಲ್-1 ವೀಸಾದಲ್ಲಿ ಕರೆಸಿಕೊಂಡು ಎರಡು ವರ್ಷ ಆಯ್ತು. ರೈಲಿನಲ್ಲಿ ಓಡಾಡುತ್ತೇನೆ, ಹಾಗಾಗಿ ಕಾರು ಇಲ್ಲ, ಕಾರಿನ ಸಾಲವೂ ಇಲ್ಲ. ಗೆಳೆಯನ ಮನೆಯಲ್ಲಿ ಒಂದು ರೂಮು. ಲೀಸ್, ಕರೆಂಟ್ ಬಿಲ್ ಎಲ್ಲ ಅವನ ಹೆಸರಲ್ಲಿ. ನಾನು ಪ್ರತಿ ತಿಂಗಳು ಒಂದನೇ ತಾರೀಖು ತಪ್ಪದೆ ಅವನಿಗೆ ದುಡ್ಡು ಕೊಡುತ್ತೇನೆ. ಉಳಿದ ಖರ್ಚಿಗೆ ಡೆಬಿಟ್ ಕಾರ್ಡು. ಕ್ರೆಡಿಟ್ ಕಾರ್ಡು ತಗೊಂಡಿದ್ದು ಎಂಟು ತಿಂಗಳ ಹಿಂದೆ, ಅದೂ ಆಫೀಸಿನ ಸಹೋದ್ಯೋಗಿಯೊಬ್ಬರು ಬೈದ ಮೇಲೆ. ಅಂದರೆ ಈ ದೇಶದ ಕಾಗದದಲ್ಲಿ ನನ್ನ ವಯಸ್ಸು ಎಂಟು ತಿಂಗಳು. ಇನ್ನೂ ಅಂಬೆಗಾಲಿಡುವ ಮಗು. ಮಗುವಿನ ಜಾಮೀನನ್ನು ಯಾರು ಒಪ್ಪುತ್ತಾರೆ ಹೇಳಿ?

ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಫೈಕೋ ಸ್ಕೋರ್ 300ರಿಂದ 850ರವರೆಗೆ. ಅದರಲ್ಲಿ ಸಾಲದ ಕಂತನ್ನು ಸಮಯಕ್ಕೆ ಕಟ್ಟಿದ್ದೀರಾ ಅನ್ನುವುದಕ್ಕೆ ಶೇ. 35, ಎಷ್ಟು ಸಾಲ ಬಾಕಿ ಇದೆ ಅನ್ನುವುದಕ್ಕೆ ಶೇ. 30, ಎಷ್ಟು ಕಾಲದಿಂದ ಖಾತೆ ಇದೆ ಅನ್ನುವುದಕ್ಕೆ ಶೇ. 15. ಉಳಿದ ಶೇ. 20 ಹೊಸ ಸಾಲ ಮತ್ತು ಸಾಲದ ಬಗೆಗಳಿಗೆ. ಕನಿಷ್ಠ ಆರು ತಿಂಗಳು ಹಳೆಯದಾದ ಒಂದು ಖಾತೆ ಇಲ್ಲದಿದ್ದರೆ ಸ್ಕೋರೇ ಹುಟ್ಟುವುದಿಲ್ಲ. ಗಮನಿಸಿ, ಸಂಬಳಕ್ಕೆ ಇದರಲ್ಲಿ ಜಾಗವಿಲ್ಲ. ಉಳಿತಾಯಕ್ಕೂ ಇಲ್ಲ. ನಾನು ಎರಡು ವರ್ಷ ತಪ್ಪದೆ ಕೊಟ್ಟ ಬಾಡಿಗೆ ಯಾವ ರಿಪೋರ್ಟಿಗೂ ಹೋಗಿಲ್ಲ. ಬಾಡಿಗೆ ಕಟ್ಟುತ್ತಾನೋ ಇಲ್ಲವೋ ಅಂತ ತಿಳಿಯಲು ಬಾಡಿಗೆಯೊಂದನ್ನು ಬಿಟ್ಟು ಬೇರೆಲ್ಲ ನೋಡಿದ ಹಾಗಾಯ್ತು!

ಇನ್ನೊಂದು ತಮಾಷೆ ಇದೆ. ಬೆಂಗಳೂರಿನಲ್ಲಿದ್ದಾಗ ನನಗೊಂದು ಬೈಕ್ ಸಾಲ ಇತ್ತು, ಪೂರ್ತಿ ತೀರಿಸಿದ್ದೆ. ಸಿಬಿಲ್‌ನಲ್ಲಿ ಅದು ಈಗಲೂ ಒಳ್ಳೆಯ ಹೆಸರಿನಲ್ಲೇ ಇದೆ. ಆ ಸಿಬಿಲ್‌ನ ಬಹುಪಾಲು ಒಡೆತನ ಟ್ರಾನ್ಸ್‌ಯೂನಿಯನ್‌ನದು. ಅಮೆರಿಕದ ಮೂರು ದೊಡ್ಡ ಕ್ರೆಡಿಟ್ ಸಂಸ್ಥೆಗಳಲ್ಲಿ ಅದೂ ಒಂದು. ಹೆಸರು ಒಂದೇ ಆದರೂ ಅಲ್ಲಿನ ಕಡತ ತಾನಾಗಿ ಇಲ್ಲಿಗೆ ಬರುವುದಿಲ್ಲ. ಮನುಷ್ಯ ಹದಿನೈದು-ಇಪ್ಪತ್ತು ಗಂಟೆಯಲ್ಲಿ ಸಮುದ್ರ ದಾಟುತ್ತಾನೆ, ಅವನ ನಂಬಿಕೆ ಮಾತ್ರ ವಿಮಾನ ನಿಲ್ದಾಣದಲ್ಲೇ ಉಳಿದುಬಿಡುತ್ತದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ನಕ್ಕರು. ಅಪ್ಪನಿಗೆ ಜಾಮೀನಿನ ರುಚಿ ಚೆನ್ನಾಗಿ ಗೊತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನೌಕರರ ಸಹಕಾರ ಸಂಘದಲ್ಲಿ ಸಹೋದ್ಯೋಗಿಯೊಬ್ಬರ ಸಾಲಕ್ಕೆ ಸಹಿ ಹಾಕಿದ್ದರು. ಆ ಮನುಷ್ಯ ಕಟ್ಟಲಿಲ್ಲ. ಅಪ್ಪನ ಸಂಬಳದಲ್ಲಿ ಹೆಚ್ಚುಕಡಿಮೆ ಮೂರು ವರ್ಷ ಕಡಿತ ಆಯ್ತು. ಆ ಮೂರು ವರ್ಷ ಅಮ್ಮ ಹಬ್ಬಕ್ಕೆ ಸೀರೆ ತಗೊಳ್ಳಲಿಲ್ಲ, ಯಾಕೆ ಅಂತ ನಮಗೆ ಹೇಳಲೂ ಇಲ್ಲ. ನಮ್ಮ 1872ರ ಕರಾರು ಕಾಯಿದೆಯಲ್ಲೇ ಇದೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಮ್ಮಿ ಅಲ್ಲ.

"ಸಹಿ ಹಾಕೋ ಮುಂಚೆ ಆ ದುಡ್ಡು ಹೋಯ್ತು ಅಂದ್ಕೊಂಡೇ ಹಾಕಬೇಕು ಕಣೋ. ಹಾಗೆ ಅಂದ್ಕೊಳ್ಳೋಕೆ ಆಗಲ್ಲ ಅಂದ್ರೆ ಹಾಕಬಾರದು" ಅಂದರು ಅಪ್ಪ.

ಈ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಮನೆ ಮಾಲೀಕನ ಜಾಗದಲ್ಲಿ ನಿಂತು ನೋಡಿದೆ. ನಾನು ವೀಸಾ ಮೇಲಿರುವವನು. ಕೆಲಸ ಹೋದರೆ ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಬೇರೆ ದಾರಿ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆಮೇಲೆ ಅವಳ ಬಾಡಿಗೆಗೆ ನನ್ನನ್ನು ಎಲ್ಲಿ ಹುಡುಕುತ್ತಾರೆ? ಅಂದರೆ ಹೆದರಿಕೆ ಸುಳ್ಳಲ್ಲ. ಆದರೆ ನನ್ನ ಸ್ಕೋರ್ 800 ಇದ್ದರೂ ಈ ಅಪಾಯ ಇಷ್ಟೇ ಇರುತ್ತಿತ್ತು. ಆ ಸಂಖ್ಯೆಗೆ ಅದು ಕಾಣುವುದೇ ಇಲ್ಲ. ಇರುವ ಅಪಾಯವನ್ನು ಬಿಟ್ಟು ಇಲ್ಲದ ಅಪಾಯಕ್ಕೆ ಬಾಗಿಲು ಹಾಕಿದರು ಅನ್ನುವುದು ನನ್ನ ತಕರಾರು.

ಹಾಗಂತ ನಮ್ಮೂರೇ ಚೆಂದ ಅಂತ ಹೇಳಲಾರೆ. ಬೆಂಗಳೂರಿನಲ್ಲಿ ಮನೆ ಹುಡುಕಿದ ಯಾವ ಬ್ಯಾಚುಲರ್ ತಾನೆ ಹಾಗೆ ಹೇಳಿಯಾನು? ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದರು. ಸ್ಕೋರ್ ಕೇಳಲಿಲ್ಲ ನಿಜ, ಆದರೆ "ನೀವು ಯಾವ ಜನ?" ಅಂತ ಕೇಳಿದರು, ಮನೆಯಲ್ಲಿ ಮೊಟ್ಟೆ ಬೇಯಿಸ್ತೀರಾ ಅಂತ ಕೇಳಿದರು. ಆ ಪ್ರಶ್ನೆಗೆ ಹೋಲಿಸಿದರೆ ಸಂಖ್ಯೆಯೇ ವಾಸಿ. ಸಂಖ್ಯೆಯನ್ನು ಬೆಳೆಸಿಕೊಳ್ಳಬಹುದು, ಹುಟ್ಟನ್ನು ಬದಲಿಸಲಾಗದು.

ಕೊನೆಗೆ ಏನಾಯ್ತು? ನಾನು ಆರು ತಿಂಗಳ ಬಾಡಿಗೆ ಮುಂಗಡ ಕಟ್ಟುತ್ತೇನೆ ಅಂದೆ. ಆಗಲ್ಲ ಅಂದರು. 2019ರಲ್ಲಿ ನ್ಯೂಯಾರ್ಕ್ ರಾಜ್ಯ ತಂದ ಬಾಡಿಗೆದಾರರ ರಕ್ಷಣೆಯ ಕಾನೂನಿನ ಪ್ರಕಾರ ಡೆಪಾಸಿಟ್ ಒಂದು ತಿಂಗಳ ಬಾಡಿಗೆ ಮೀರುವಂತಿಲ್ಲ, ತಪಾಸಣೆಗೆ 20 ಡಾಲರ್‌ಗಿಂತ ಹೆಚ್ಚು ಕೇಳುವಂತಿಲ್ಲ. ಒಳ್ಳೆಯ ಕಾನೂನೇ, ಬೆಂಗಳೂರಿನ ಅಡ್ವಾನ್ಸ್ ಕಂಡವರಿಗೆ ಕನಸಿನಂತೆ. ಆದರೆ ಕೈಯಲ್ಲಿ ದುಡ್ಡಿದ್ದೂ ಹೆಸರಿಲ್ಲದ ಹೊಸಬರಿಗೆ ಇದ್ದ ಒಂದು ಹಿಂಬಾಗಿಲು ಅದರಿಂದ ಮುಚ್ಚಿತು.

ಉಳಿದದ್ದು ದುಡ್ಡು ತಗೊಂಡು ಗ್ಯಾರಂಟರ್ ಆಗುವ ಕಂಪನಿ. ಫೀಸು ಒಂದು ತಿಂಗಳ ಬಾಡಿಗೆಗಿಂತ ಸ್ವಲ್ಪ ಹೆಚ್ಚೇ ಆಯ್ತು. ಡೆಪಾಸಿಟ್ ಥರ ವಾಪಸ್ ಬರುವ ದುಡ್ಡಲ್ಲ ಅದು. ನಾನು ಕೊಡುತ್ತೇನೆ ಅಂದರೂ ಅವಳು ಕೇಳಲಿಲ್ಲ, ತನ್ನ ಎಜುಕೇಶನ್ ಲೋನಿನಿಂದಲೇ ಕಟ್ಟಿದಳು. ಆ ಲೋನಿಗೆ ಹಾಸನದ ತಮ್ಮ 30x40 ಸೈಟನ್ನು ಅಡ ಇಟ್ಟಿರುವುದು ಚಿಕ್ಕಪ್ಪ. ಅಂದರೆ ಊರಲ್ಲಿ ಚಿಕ್ಕಪ್ಪನ ಜಾಮೀನಿನ ಮೇಲೆ ತಂದ ಸಾಲದಲ್ಲಿ, ಇಲ್ಲಿ ಅಣ್ಣನ ಜಾಮೀನು ನಡೆಯದ್ದಕ್ಕೆ ದಂಡ ಕಟ್ಟಿದ ಹಾಗಾಯ್ತು. ಆ ದುಡ್ಡಿಗೆ ಬಡ್ಡಿ ಬೆಳೆಯುತ್ತಲೇ ಇದೆ. ನನಗೆ ಚುಚ್ಚುತ್ತಿರುವುದು ಇದೇ.

ನನ್ನ ಅಭಿಪ್ರಾಯ ಇಷ್ಟು. ಸ್ಕೋರ್ ಬೇಡ ಅಂತಲ್ಲ. ಕೆಟ್ಟ ಇತಿಹಾಸ ಬೇರೆ, ಇತಿಹಾಸವೇ ಇಲ್ಲದಿರುವುದು ಬೇರೆ. ಎರಡಕ್ಕೂ ಒಂದೇ ಉತ್ತರ ಕೊಡುವುದು ತಪ್ಪು. ಹಿಸ್ಟರಿ ಸಾಲದು ಅನ್ನಿಸಿದಾಗ ಎರಡು ವರ್ಷದ ಬಾಡಿಗೆ ಕೊಟ್ಟ ದಾಖಲೆ, ಬ್ಯಾಂಕಿನಲ್ಲಿರುವ ಉಳಿತಾಯ, ಕೆಲಸದ ಪತ್ರ ಇವನ್ನೂ ಕೂತು ನೋಡಬೇಕು. ಅದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಉಳಿಸಲು ಸಾಫ್ಟ್‌ವೇರ್ ಬರೆಯುವವರು ನನ್ನಂಥವರೇ. ದತ್ತಾಂಶ ಇಲ್ಲದ ಕಡೆ "ಬೇಡ" ಅಂತ ಉತ್ತರ ಬರುವ ಹಾಗೆ ನಾನೂ ಎಷ್ಟೋ ಸಲ ಕೋಡ್ ಬರೆದಿದ್ದೇನೆ. ಆ ಖಾಲಿ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿರಬಹುದು ಅಂತ ಹೊಳೆದದ್ದು ನಾನೇ ಅಲ್ಲಿ ನಿಂತಾಗ.

ಇತ್ತ ಬರುವ ಗೆಳೆಯರಿಗೆ ನಾಲ್ಕು ಮಾತು. ಬಂದ ತಿಂಗಳಲ್ಲೇ ಒಂದು ಕಾರ್ಡು ತಗೊಳ್ಳಿ, ಬೇಕಾದರೆ ಡೆಪಾಸಿಟ್ ಇಟ್ಟು ತಗೊಳ್ಳುವ ಸೆಕ್ಯೂರ್ಡ್ ಕಾರ್ಡು. ಸ್ವಲ್ಪವೇ ಉಜ್ಜಿ, ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಿ, ಬಡ್ಡಿಯ ಮುಖ ನೋಡಬೇಕಾಗಿಲ್ಲ. ಮೂರೂ ಸಂಸ್ಥೆಗಳ ರಿಪೋರ್ಟ್ ವಾರಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ತೆಗೆದು ನೋಡಿ. ರಿಪೋರ್ಟಿನ ಕಾರಣಕ್ಕೆ ನಿಮ್ಮ ಅರ್ಜಿ ಬೇಡ ಅಂದರೆ ಅದು ಯಾವ ಸಂಸ್ಥೆಯದು ಅಂತ ತಿಳಿಸಬೇಕು, 60 ದಿನದೊಳಗೆ ಕೇಳಿದರೆ ಅದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಇನ್ನು ಯಾರಿಗಾದರೂ ಗ್ಯಾರಂಟರ್ ಆಗುವ ಮುಂಚೆ ಹೊಣೆ ಎಷ್ಟು, ಎಲ್ಲಿಯವರೆಗೆ, ಲೀಸ್ ಮುಂದುವರಿದರೆ ನಿಮ್ಮ ಸಹಿಯೂ ಮುಂದುವರಿಯುತ್ತಾ ಅಂತ ಓದಿ ನೋಡಿ.

ನಾನು ಆ ದಿನ ಅದನ್ನು ಓದಿರಲೇ ಇಲ್ಲ. ಫೋನಿನಲ್ಲಿ "ಮಾಡ್ತೀನಿ ಬಿಡು" ಅಂದಿದ್ದೆ ಅಷ್ಟೇ. ಅಪ್ಪನೂ ಆವತ್ತು ಹಾಗೇ ಅಂದಿರಬೇಕು.

ಮುಂದಿನ ವರ್ಷ ಲೀಸ್ ಮುಗಿಯುವ ಹೊತ್ತಿಗೆ ನನ್ನ ಕಾಗದದ ವಯಸ್ಸು ಇಪ್ಪತ್ತು ತಿಂಗಳಾಗಿರುತ್ತೆ. ಅವಳು ಮತ್ತೆ ಕೇಳಿದರೆ? ಆ ದುಡ್ಡು ಹೋಯ್ತು ಅಂದ್ಕೊಂಡು ಸಹಿ ಹಾಕುತ್ತೇನೆ, ಆದರೆ ಈ ಸಲ ಪೂರ್ತಿ ಓದಿ. ನಿಮ್ಮಲ್ಲಿ ಯಾರಾದರೂ ಜಾಮೀನು ನಿಂತವರಿದ್ದೀರಾ? ನಿಂತು ಸುಟ್ಟುಕೊಂಡವರು, ನಿಲ್ಲಲು ಹೋಗಿ ಬೇಡ ಅನ್ನಿಸಿಕೊಂಡವರು? ನಿಮ್ಮ ಕತೆಯನ್ನೂ ಬರೆಯಿರಿ, ಓದೋಣ.