ಸಿಟಿ ಸ್ಕ್ಯಾನ್ ಅಂದ್ರ ಮೊದ್ಲ ಬಾಯಿ ಬಿಡ್ರಿ

ನಮ್ಮ ಹೆಣ್ಣಮಕ್ಕಳದ್ದು ಒಂದು ಪದ್ಧತಿ ಅದ. ದವಾಖಾನಿಯೊಳಗ ಡಾಕ್ಟರು ಏನರ ಕೇಳಿದ್ರ ಗಂಡನೋ ಮಗನೋ ಉತ್ತರ ಕೊಡ್ತಾರ, ನಾವು ಸೆರಗು ಹಿಡಕೊಂಡು ಸುಮ್ಮನ ನಿಂತಿರ್ತೀವಿ. ಬ್ಯಾರೆ ಕಡೆ ನಡದೀತು, ಸಿಟಿ ಸ್ಕ್ಯಾನಿನ ಮುಂದ ನಡೀಬಾರದು ಅಂತೀನಿ ನಾ.

ಯಾಕಂದ್ರ ಅಲ್ಲಿ ಕೇಳೋ ಮಾತು ನಮಗಷ್ಟ ಗೊತ್ತಿರ್ತಾವ. ಮುಟ್ಟು ಮುಂದ ಹೋಗ್ಯದೇನು? ಮಾವನವರು ಎದುರಿಗಿದ್ರೂ ನಾಚಿಕೊಳ್ಳದ ಹೇಳ್ರಿ. ಸಿಟಿ ಅಂದ್ರೂ ಎಕ್ಸ್‌ರೇನ. ಹೊಟ್ಟಿ ಸಿಟಿಗೆ ಎದಿ ಎಕ್ಸ್‌ರೇಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಿರಣ ಬೀಳ್ತಾವ. 'ಸೋನೋಗ್ರಾಫಿಯೊಳಗ ತಿಳಿಯೂದಿಲ್ಲೇನ್ರಿ?' ಅಂತ ಕೇಳೂದು ತಪ್ಪಲ್ಲ.

ನರಕ್ಕ ಅಯೋಡಿನ್ ಇರೋ ಕಾಂಟ್ರಾಸ್ಟ್ ಔಷಧ ಕೊಡ್ತಾರಂದ್ರ ಮತ್ತ ಮೂರು ಮಾತು ಹೇಳ್ರಿ: ಕಿಡ್ನಿ ತ್ರಾಸು, ಸಕ್ಕರಿ ಬ್ಯಾನಿಯ ಮೆಟ್‌ಫಾರ್ಮಿನ್ ಗುಳಿಗಿ, ಹಿಂದ ಇಂಥಾ ಔಷಧಕ್ಕ ಮೈಮ್ಯಾಲೆ ದದ್ದು ಎದ್ದದ್ದು. ಕ್ರಿಯಾಟಿನಿನ್ ರಿಪೋರ್ಟ್ ಜೋಡಿ ಒಯ್ರಿ. ಗುಳಿಗಿ ನಿಲ್ಲಸಬೇಕೋ ಬ್ಯಾಡೋ ಡಾಕ್ಟರು ಹೇಳಬೇಕು, ಬಾಜೂ ಮನಿಯವರಲ್ಲ. ಔಷಧ ಏರುವಾಗ ಮೈ ಬೆಚ್ಚಗಾಗಿ ಒಂದಕ್ಕ ಆಗಿಬಿಟ್ಟಂಗ ಅನಸ್ತದ. ಆಗಿರೂದಿಲ್ಲ, ಗಾಬರಿ ಬ್ಯಾಡ. ತುರಿಕಿ ಎದ್ರ, ಉಸುರು ಕಟ್ಟಿದಂಗಾದ್ರ ಮಾತ್ರ ತಕ್ಷಣ ಕೂಗ್ರಿ.

ಹಂಗಂತ ತಲಿಗೆ ಪೆಟ್ಟು ಬಿದ್ದಾಗ, ಲಕ್ವಾ ಹೊಡದಾಗ ಸ್ಕ್ಯಾನ್ ಬ್ಯಾಡ ಅನಬ್ಯಾಡ್ರಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಅದ. ಆದ್ರ 'ಎಲ್ಲಾ ಒಮ್ಮೆ ತೆಗದ ಬಿಡ್ರಿ' ಅಂತ ನಾವಾಗೇ ಡಾಕ್ಟರ ಬೆನ್ನು ಹತ್ತೂದೂ ಬ್ಯಾಡ. ಹಳೇ ಫಿಲ್ಮು, ರಿಪೋರ್ಟು ಬಂಗಾರ ಇಡೋ ಕಪಾಟಿನಾಗ ಇಡ್ರಿ. ಅವನ್ನ ತೋರಿಸಿದ್ರ ಎಷ್ಟೋ ಸಲ ಇನ್ನೊಂದು ಸ್ಕ್ಯಾನೇ ಉಳೀತದ.