ಕಾಣದ ಡಿಸ್ಕ್ ಡ್ರೈವ್ ಕೂಡ ಒಂದು ಪಾಠ

ಸವಣೂರಿನ ಬೋಧನಾಭ್ಯಾಸ ಶಾಲೆಯೊಂದರಲ್ಲಿ, ಹಳೆಯ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದ ಬಳಿಕ ಡಿವಿಡಿ ಡ್ರೈವ್ ಕಾಣದಾಯಿತು. ಪಾಠದ ಸಿ.ಡಿ.ಗಳು ಕಪಾಟು ಸೇರಿದವು. 'ಡ್ರೈವ್ ಕೆಟ್ಟಿದೆ, ಹೊಸದು ತರಿಸಿ' ಎಂಬುದೇ ಎಲ್ಲರ ತೀರ್ಪು. ಪರೀಕ್ಷಿಸದೆ ಕೊಡುವ ತೀರ್ಪನ್ನು ವಿಜ್ಞಾನ ಶಿಕ್ಷಕರು ಒಪ್ಪಬಾರದು.

ಮೊದಲು ಬಯಾಸ್ ನೋಡಬೇಕು. ಅಲ್ಲಿ ಡ್ರೈವ್‌ನ ಹೆಸರಿಲ್ಲದಿದ್ದರೆ ಕೇಬಲ್, ವಿದ್ಯುತ್ ಸಂಪರ್ಕ ಪರೀಕ್ಷಿಸಬೇಕು. ಹೆಸರಿದ್ದರೆ ದೋಷ ಬಹುಮಟ್ಟಿಗೆ ತಂತ್ರಾಂಶದ್ದು. ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ ಗಣಕವನ್ನು ಮರುಚಾಲನೆ ಮಾಡಬೇಕು. ಆಗಲೂ ಬಾರದಿದ್ದರೆ, ರಿಜಿಸ್ಟ್ರಿಯ ನಕಲು ತೆಗೆದಿಟ್ಟು, ಡಿವಿಡಿ ವಿಭಾಗದ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ನಮೂದುಗಳನ್ನು ಅಳಿಸಬೇಕು. ಹಳೆಯ ಸಿ.ಡಿ. ಬರೆಯುವ ತಂತ್ರಾಂಶಗಳು ಬಿಟ್ಟುಹೋದ ಇವು ಡ್ರೈವ್ ಅನ್ನು ಮರೆಮಾಡುವುದುಂಟು.

ಒಮ್ಮೆಗೆ ಒಂದೇ ಅಂಶ ಬದಲಿಸಿ ಫಲಿತಾಂಶ ಬರೆದಿಡುವುದನ್ನೇ ನಾವು ಪ್ರಯೋಗವೆಂದು ಕಲಿಸುತ್ತೇವೆ. ಹಾಗಾದರೆ ಈ ಕೆಲಸವನ್ನು ಮಕ್ಕಳ ಮುಂದೆಯೇ ಮಾಡೋಣ. ರಿಜಿಸ್ಟ್ರಿ ಮಾತ್ರ ಶಿಕ್ಷಕರ ಕೈಯಲ್ಲಿರಲಿ.