ಉದ್ಯಾನಕ್ಕೊಂದು ಮೀಸಲು ಪಾಲು

ಉದ್ಯಾನವನ್ನು ಉದ್ಘಾಟಿಸುವುದು ಸುಲಭ. ಹತ್ತು ಬೇಸಿಗೆ ಅದಕ್ಕೆ ನೀರುಣಿಸುವುದು ಕಷ್ಟ. ಬಸವಕಲ್ಯಾಣ, ಹುಮನಾಬಾದಿನಂತಹ ಬಿಸಿಲೂರುಗಳ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಅನುದಾನ ಬಂದ ವರ್ಷ ಬೇಲಿ, ಬೆಂಚು, ಹೆಸರು ಕೆತ್ತಿದ ಕಲ್ಲು ಎಲ್ಲವೂ ಬರುತ್ತವೆ. ಮರುವರ್ಷ ಮಾಲಿಯ ಸಂಬಳದ ಮಾತೆತ್ತಿದಾಗ ಮಾತ್ರ ಬೊಕ್ಕಸ ಬರಿದಾಗಿರುತ್ತದೆ. ಉದ್ಯಾನಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯಿದೆಯಿದೆ, ನಿಜ. ಅದು ಜಾಗವನ್ನು ಕಾಯುತ್ತದೆ, ಗಿಡಕ್ಕೆ ನೀರು ಹಾಕುವುದಿಲ್ಲ.

ಅಮೆರಿಕದ ಮಿಸ್ಸೂರಿ ರಾಜ್ಯದ ಜನರು 1984ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. 100 ಡಾಲರಿನ ಖರೀದಿಗೆ 10 ಸೆಂಟಿನಷ್ಟು ಮಾರಾಟ ತೆರಿಗೆಯನ್ನು ರಾಜ್ಯದ ಉದ್ಯಾನಗಳಿಗೂ ಮಣ್ಣಿನ ಸಂರಕ್ಷಣೆಗೂ ಮೀಸಲಿಡಲು ಮತ ನೀಡಿದರು. 2016ರಲ್ಲಿ ಮತ್ತೆ ಮತ ಕೇಳಿದಾಗಲೂ ಅದನ್ನು ಉಳಿಸಿಕೊಂಡರು.

ನಮ್ಮಲ್ಲಿ ಇದು ಸಾಧ್ಯವೇ? 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಪುರಸಭೆಗಿರಲಿ, ರಾಜ್ಯಕ್ಕೂ ಸರಕಿನ ಮೇಲೆ ತಾನಾಗಿ ಹೊಸ ತೆರಿಗೆ ಹಾಕುವ ಸ್ವಾತಂತ್ರ್ಯ ಉಳಿದಿಲ್ಲ. ಆದರೆ ಪೆಟ್ರೋಲು, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಅವುಗಳ ಮಾರಾಟ ತೆರಿಗೆ ರಾಜ್ಯದ ಕೈಯಲ್ಲೇ ಇದೆ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮೇಲೆ ಅದನ್ನು ಶೇ. 29.84ಕ್ಕೆ ಏರಿಸಲಾಯಿತು. ಪುಣೆ–ಹೈದರಾಬಾದ್ ಹೆದ್ದಾರಿಯ ಲಾರಿಗಳು ಹೊಗೆಯನ್ನು ನಮಗೆ ಬಿಟ್ಟು ಹೋಗುತ್ತವೆ. ಅವು ಇಲ್ಲಿ ತುಂಬಿಸಿಕೊಳ್ಳುವ ಡೀಸೆಲಿನ ತೆರಿಗೆ ಬೆಂಗಳೂರಿಗೆ ಹೋಗುತ್ತದೆ. ನಾವು ಹೊಸ ತೆರಿಗೆ ಕೇಳುತ್ತಿಲ್ಲ. ಈಗಾಗಲೇ ಬರುತ್ತಿರುವ ಈ ತೆರಿಗೆಯ ಪ್ರತಿ 100 ರೂಪಾಯಿಯಲ್ಲಿ 10 ಪೈಸೆಯನ್ನು ಊರುಗಳ ಉದ್ಯಾನಗಳ ನಿರ್ವಹಣೆಗೆಂದು ಕಾನೂನಿನ ಮೂಲಕ ತೆಗೆದಿಡಲಿ ಎನ್ನುತ್ತೇವೆ.

ಹೀಗೆ ಹಣವನ್ನು ಕಟ್ಟಿಹಾಕಿದರೆ ಸರ್ಕಾರದ ಕೈ ಕಟ್ಟಿದಂತಾಗುವುದೆಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆಸ್ಪತ್ರೆಯೂ ಶಾಲೆಯೂ ಅದೇ ಬೊಕ್ಕಸವನ್ನು ನೋಡುತ್ತಿವೆ. ಆದರೆ ಅವುಗಳ ಪರವಾಗಿ ಕೂಗುವವರಿದ್ದಾರೆ. ಒಣಗುವ ಬೇವಿನ ಸಸಿಗೆ ಯಾರಿದ್ದಾರೆ? ಇದಕ್ಕಿಂತ ಗಂಭೀರವಾದ ಪ್ರಶ್ನೆ ನ್ಯಾಯದ್ದು. ಮಾರಾಟ ತೆರಿಗೆ ಮುಖ ನೋಡಿ ಬೀಳುವುದಿಲ್ಲ. ಒಂದು ಲೀಟರಿಗೆ ಜಮೀನ್ದಾರನಷ್ಟೇ ಆಟೋ ಚಾಲಕನೂ ತೆರುತ್ತಾನೆ. ಹಂಚಿಕೆಯ ನ್ಯಾಯವನ್ನು ಸಂತ ಥಾಮಸ್ ಅಕ್ವಿನಾಸರಿಂದ ಕಲಿತ ನಮಗೆ ಇದರ ಅರ್ಥ ಸ್ಪಷ್ಟ: ಆ ಹಣ ಮೊದಲು ಆಟೋ ಚಾಲಕನ ಮಕ್ಕಳಿರುವ ಓಣಿಗೆ ಹೋಗಬೇಕು, ಅಲ್ಲಿ ಪ್ರವೇಶ ಶುಲ್ಕ ಇರಕೂಡದು. ರಮ್ಯ ತಾಣಗಳು ಖಾಸಗಿಯಾಗಿ ಜನರಿಗೆ ಬಾಗಿಲು ಮುಚ್ಚುವ ಬಗ್ಗೆ ದಿವಂಗತ ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ವ್ಯಥೆಪಟ್ಟಿದ್ದರು.

ಮೀಸಲಿಟ್ಟರೆ ಸಾಲದು, ತಲುಪಲೂಬೇಕು. 1965ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ನಾವು ತೆರುತ್ತೇವೆ. ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಗಳಿಗೆ ದಾಟಿಸದೆ ಉಳಿಸಿಕೊಳ್ಳುತ್ತವೆಂಬ ದೂರು ರಾಜ್ಯದಲ್ಲಿ ಹಳೆಯದು. ಆದುದರಿಂದ ಉದ್ಯಾನದ ಹಣಕ್ಕೆ ಪ್ರತ್ಯೇಕ ಖಾತೆ ಬೇಕು. ವರ್ಷಕ್ಕೊಮ್ಮೆ ಅದರ ಜಮಾಖರ್ಚನ್ನು ಉದ್ಯಾನದ ಬಾಗಿಲಲ್ಲೇ ತೂಗುಹಾಕಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಊರಿಗೆ ಬೊಕ್ಕಸದ ಲೆಕ್ಕ ಕೇಳುವುದನ್ನು ಹೊಸದಾಗಿ ಕಲಿಸಬೇಕೆ?

ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮಾರ್ಚಿಗೆ ಮುನ್ನ ನಗರಸಭೆ, ಪುರಸಭೆಗಳು ಆಯವ್ಯಯದ ಪೂರ್ವಭಾವಿ ಸಭೆ ಕರೆಯುತ್ತವೆ. ನಮ್ಮ ಕುಟುಂಬಗಳಿಂದ ಇಬ್ಬರಾದರೂ ಹೋಗಿ, ನೆರೆಯ ಲಿಂಗಾಯತ, ಮುಸ್ಲಿಂ ಬಂಧುಗಳನ್ನೂ ಜೊತೆಗೆ ಕರೆದುಕೊಂಡು, ಕಳೆದ ವರ್ಷ ಉದ್ಯಾನಗಳ ನೀರಿಗೆ ಎಷ್ಟು ಖರ್ಚಾಯಿತು, ಮಾಲಿಗಳು ಎಷ್ಟು ಜನರಿದ್ದಾರೆ ಎಂದು ಕೇಳಲಿ.